ಹೊಳೆದಾರಿಯಲ್ಲಿ ಹತ್ತೊಂಬತ್ತು ಕೂಗು

"ನನ್ನ ಗೂಟ ಎಲ್ಲಿ?"

ಬೆಳಗಿನ ಏಳು ಗಂಟೆಗೆ, ಚೆಂಡುಹೂವಿನ ಹೊಲದ ಬದುವಿನ ಮೇಲೆ ನಿಂತು, ಗುರುತಿಲ್ಲದ ಗಂಡಸನ್ನು ಯಾರೂ ಹೀಗೆ ಮಾತಾಡಿಸುವುದಿಲ್ಲ. ಆದರೆ ಸಿಟ್ಟು ಬಂದಾಗ ಪೀಠಿಕೆ ಹಾಕುವ ಅಭ್ಯಾಸ ಶಿವರಂಜಿನಿಗಿರಲಿಲ್ಲ.

ಅವನು ಹಾರೆ ಕೆಳಗಿಟ್ಟ. ಅಂಗಿಯ ತುಂಬ ಹಳದಿ, ನೀಲಿ ಬಣ್ಣದ ಕಲೆ. ಪಕ್ಕದಲ್ಲಿ ಅವಳ ಎಂಟು ಗೂಟಗಳನ್ನೂ ಸೌದೆಯಂತೆ ಕಂತೆ ಕಟ್ಟಿಟ್ಟಿದ್ದ.

"ಕಿತ್ತಾಕ್ಬುಟ್ಟೆ ಮೇಡಂ."

"ಯಾರನ್ನ ಕೇಳಿ ಕಿತ್ರಿ? ಅರ್ಧ ಕಿಲೋಮೀಟರಿಗೊಂದು ಅಂತ ಟೇಪ್ ಹಿಡಿದು ನೆಟ್ಟಿದ್ದೆ. ಮೂರು ದಿನದ ಕೆಲಸ."

"ಅದ್ಕೇಯ ಒಂದೂ ಮುರೀದಂಗೆ ಕಿತ್ತಿವ್ನಿ."

ಗುಂಡ್ಲುಪೇಟೆಯವರು ತಮ್ಮೂರ ನೀರನ್ನು ನದಿ ಎನ್ನುವುದಿಲ್ಲ, ಹೊಳೆ ಎನ್ನುತ್ತಾರೆ. ಬೇಸಿಗೆಯಲ್ಲಿ ಅದನ್ನೂ ಅನ್ನುವುದಿಲ್ಲ. ಈ ವರ್ಷ ಮಳೆ ಚೆನ್ನಾಗಿ ಬಿದ್ದು ಹೊಳೆ ತನ್ನ ಹೆಸರು ಉಳಿಸಿಕೊಂಡಿತ್ತು. ಅದರ ದಂಡೆಯಲ್ಲಿ ದಿನಾ ನಡೆಯುವ ಸಕ್ಕರೆ ಕಾಯಿಲೆಯವರೂ ನಿವೃತ್ತರೂ ಸೇರಿ ಒಂದು ಬಳಗ ಕಟ್ಟಿಕೊಂಡಿದ್ದರು. ಊರಿನಿಂದ ನಾಲ್ಕು ಕಿಲೋಮೀಟರ್... ಎಡಕ್ಕೆ ಹೊಳೆ, ಬಲಕ್ಕೆ ಚೆಂಡುಹೂವು, ದೂರದಲ್ಲಿ ಮೋಡ ಹೊದ್ದು ಮಲಗಿದ ಗೋಪಾಲಸ್ವಾಮಿ ಬೆಟ್ಟ. ಇದಕ್ಕೆ 'ಹೊಳೆದಾರಿ' ಎಂದು ಹೆಸರಿಟ್ಟು, ಉದ್ದಕ್ಕೂ ಬೋರ್ಡು ನೆಡಿಸಿ, ಮುಂದಿನ ಭಾನುವಾರ ಎಲ್ಲರೂ ಒಟ್ಟಾಗಿ ನಡೆಯುವುದೆಂದು ತೀರ್ಮಾನವಾಗಿತ್ತು.

ಬೋರ್ಡು ಬರೆಯಲು ಬೇಗೂರಿನ ಪೇಂಟರ್ ಸುಧಾಕರ. ದಾರಿ ಅಳೆಯಲು ಚಾಮರಾಜನಗರದ ಖಾಸಗಿ ಸರ್ವೆಯರೊಬ್ಬರ ಬಳಿ ಕೆಲಸಕ್ಕಿದ್ದ ಶಿವರಂಜಿನಿ.

ನಾಲ್ಕು ವರ್ಷದಿಂದ ಅವಳು ಅಳೆದದ್ದನ್ನೆಲ್ಲ ಹಿಂದೆಯೇ ಒಬ್ಬ ಗಂಡಸು ಬಂದು ಮತ್ತೆ ಅಳೆಯುತ್ತಿದ್ದ. ಇದು ಅವಳೊಬ್ಬಳೇ ಮಾಡುತ್ತಿದ್ದ ಮೊದಲ ಕೆಲಸ. 'ಇದೊಂದು ಸರಿಯಾಗಿ ಮುಗ್ಸಮ್ಮ, ಆಮೇಲೆ ನಿನ್ ಹಿಂದೆ ಯಾರ್ನೂ ಕಳಿಸಲ್ಲ' ಎಂದು ಸಾಹೇಬರು ಹೇಳಿದ್ದರು.

"ಯಾಕೆ ಕಿತ್ರಿ, ಅದನ್ನಾದ್ರೂ ಹೇಳಿ," ಎಂದಳು.

"ಮಹದೇವಯ್ಯೋರು ಓದ್ವರ್ಸ ಇಲ್ಲೇ ಹಳ್ಳದಲ್ಲಿ ಜಾರಿ ಬಿದ್ರು. ಫೋನ್ಗೆ ಸಿಗ್ನಲ್ ಇಲ್ಲ. ಒಂದೂವರೆ ಗಂಟೆ ಕೂಗವ್ರೆ, ಒಬ್ರಿಗೂ ಕೇಳ್ನಿಲ್ಲ."

ಬಳಗದ ಮಹದೇವಯ್ಯನವರು ನಿವೃತ್ತ ಕಂಡಕ್ಟರು. ಮೂವತ್ತು ವರ್ಷ 'ರೈಟ್ ರೈಟ್' ಎಂದ ಗಂಟಲಿಗೇ ಆ ಗತಿಯಾಗಿತ್ತು.

"ಅರ್ಧ ಕಿಲೋಮೀಟ್ರು ತಕಂಡ್ ಏನ್ ಮಾಡೋದು? ಒಂದ್ ಬೋರ್ಡ್ ತಾವು ಕೂಗುದ್ರೆ ಮುಂದಿನ್ ಬೋರ್ಡ್ ತಾವು ಇರೋರ್ಗೆ ಕೇಳ್ಬೇಕು. ಕೂಗಳತೆ ಮೇಡಂ. ನಮ್ ತಾತನ ಕಾಲದ ಟೇಪು."

ಅವಳಿಗೆ ಜಗಳ ಮುಂದುವರಿಸುವ ಆಸೆ ಬಹಳವಿತ್ತು. ಆದರೆ ಅವನು ಹೇಳಿದ್ದು ಸರಿಯಾಗಿತ್ತು. ಇದರಷ್ಟು ಸಿಟ್ಟು ತರಿಸುವುದು ಬೇರೆ ಯಾವುದೂ ಇಲ್ಲ.

"ಸರಿ. ನಾನು ಕೂಗ್ತೀನಿ. ನೀವು ನಡೀತಾ ಹೋಗಿ. ಕೇಳಿಸೋವರೆಗೂ ಕೈ ಎತ್ತಿ. ಎಲ್ಲಿ ನಿಲ್ಲುತ್ತೋ ಅಲ್ಲಿ ನೆಡಿ."

"ಏನಂತ ಕೂಗ್ತೀರಿ?"

ಅದನ್ನು ಅವಳು ಯೋಚಿಸಿರಲಿಲ್ಲ.

ಮೊದಲ ದಿನ 'ಪೇಂಟ್ರೇ' ಎಂದು ಕೂಗಿದಳು. ಎರಡನೆಯ ದಿನ 'ಸುಧಾಕರ್ ಅವ್ರೇ'. ಆದರೆ ಮರ್ಯಾದೆ ಬಹಳ ದೂರ ಹೋಗುವ ವಸ್ತುವಲ್ಲ. ಎರಡನೆಯ ಹೊಲ ದಾಟುವಷ್ಟರಲ್ಲಿ 'ಅವ್ರೇ' ಹೊಳೆಗೆ ಬಿದ್ದುಹೋಗುತ್ತಿತ್ತು. ಮೂರನೆಯ ದಿನ ಬರೀ 'ಸುಧಾಕರ್' ಆಯಿತು. ನಾಲ್ಕನೆಯ ದಿನ ಗಂಟಲು ಕಟ್ಟಿ 'ಸುಧೀ...' ಎಂದಷ್ಟೇ ಹೊರಟಿತು.

ಅವನು ತಿರುಗಿ ನಿಂತು, ಕೈ ಎತ್ತಿದವನು ಇಳಿಸುವುದನ್ನೇ ಮರೆತ.

ಹೂ ಕೊಯ್ಯುವ ಹೆಂಗಸರ ಗುಂಪಿನ ಮೇಸ್ತ್ರಿ ಚಿಕ್ಕನಿಂಗಮ್ಮ ಸೊಂಟದ ಮೇಲೆ ಕೈಯಿಟ್ಟು ಎದ್ದು ನಿಂತಳು. "ಅಮ್ಮೀ, ನೀನು ಅಳೀತಿರೋದು ದಾರೀನಾ, ಉಡ್ಗುನ್ನಾ?"

"ದಾರೀನೇ ಕಣಕ್ಕ."

"ಆಗ್ಲಿ ಬುಡು. ಎರಡೂ ಬೇಗೂರ್ ಕಡೀಕೇ ಓಗದು."

ಹೊಲವೆಲ್ಲ ನಕ್ಕಿತು. ಶಿವರಂಜಿನಿ ಪುಸ್ತಕದಲ್ಲಿ ಅಳತೆ ಬರೆದುಕೊಳ್ಳುವಂತೆ ತಲೆ ತಗ್ಗಿಸಿದಳು. ಆ ಸಾಲಿನಲ್ಲಿ ಅವಳು ಏನು ಬರೆದಳೋ ಆಮೇಲೆ ಅವಳಿಗೇ ಓದಲಾಗಲಿಲ್ಲ.

ಕೆಲಸಕ್ಕೆ ಹೋಗುವಾಗಲೂ ಬರುವಾಗಲೂ ಇಬ್ಬರೂ ಒಟ್ಟಿಗೆ ನಡೆಯುತ್ತಿದ್ದರು. ಹೋಗುವಾಗ ಅವನು ಸದಾ ಹೊಳೆಯ ಕಡೆಗೇ ಇದ್ದು ಅವಳನ್ನು ಹೊಲದ ಬದಿಗೆ ಬಿಡುತ್ತಿದ್ದ. ಎಷ್ಟು ಕಾಳಜಿ, ಎಂದುಕೊಂಡಿದ್ದಳು. ವಾಪಸು ಬರುವಾಗ ಮಾತ್ರ ತಾನು ಹೊಲದ ಬದಿಗೆ ಸರಿದು ಅವಳನ್ನು ನೀರಿನ ಅಂಚಿಗೆ ತಳ್ಳುತ್ತಿದ್ದ. ಒಮ್ಮೆಯಂತೂ ಅವಳ ಚಪ್ಪಲಿ ಕೆಸರಿಗೆ ಹೋಯಿತು. ಹೋಗುವಾಗ ಇದ್ದ ಸೌಜನ್ಯ ಬರುವಾಗ ಎಲ್ಲಿ ಹೋಗುತ್ತದೋ... ಅವಳಿಗೆ ಅರ್ಥವಾಗಲಿಲ್ಲ. ಆದರೂ ದಿನಾ ಕೆಸರು ತುಳಿದಳು.

ಶುಕ್ರವಾರ ಹತ್ತೊಂಬತ್ತನೆಯ ಬೋರ್ಡು ನಿಂತಿತು. ಪ್ರತಿ ಬೋರ್ಡಿನ ಕೆಳತುದಿಯಲ್ಲೂ ಅವನು ಯಾರನ್ನೂ ಕೇಳದೆ ಸಣ್ಣಕ್ಷರದಲ್ಲಿ ಬರೆದಿದ್ದ: 'ಅಳತೆ: ಶಿವರಂಜಿನಿ'.

ಅವಳು ಆ ಅಕ್ಷರಗಳನ್ನು ಬೆರಳಿನಿಂದ ಮುಟ್ಟಿದಳು. ಬಣ್ಣ ಇನ್ನೂ ಹಸಿಯಾಗಿತ್ತು. ಬೆರಳಿನ ಹಳದಿಯನ್ನು ಆ ರಾತ್ರಿ ತೊಳೆಯಲಿಲ್ಲ.

ಶನಿವಾರ ಬೆಳಿಗ್ಗೆ ಬಳಗದ ಅಧ್ಯಕ್ಷ ಮರಿಮಲ್ಲಪ್ಪ ಪರೀಕ್ಷೆಗೆ ಬಂದರು. ನಿವೃತ್ತ ಡ್ರಿಲ್ ಮೇಷ್ಟ್ರು; ಮನೆಯಲ್ಲಿ ಉಪ್ಪು ಕೇಳಿದರೂ ಬೀದಿಯವರು ಅಟೆನ್ಷನ್‌ನಲ್ಲಿ ನಿಲ್ಲುತ್ತಿದ್ದರು. ಮೊದಲ ಬೋರ್ಡಿನ ಬಳಿ ನಿಂತು ಒಂದು ಕೂಗು ಹಾಕಿದರು. ಮೂರನೆಯ ಬೋರ್ಡಿನ ಬಳಿ ಹೂ ಕೊಯ್ಯುತ್ತಿದ್ದ ಚಿಕ್ಕನಿಂಗಮ್ಮ "ಏನ್ ಮೇಷ್ಟ್ರೇ?" ಎಂದಳು.

"ಏನಮ್ಮಾ ಇದು? ಹತ್ತು ಸಾಕಾದ ಕಡೆ ಹತ್ತೊಂಬತ್ತು ನೆಟ್ಟಿದ್ದೀರಲ್ಲ," ಎಂದು ಮೇಷ್ಟ್ರು ಹುಬ್ಬುಗಂಟಿಕ್ಕಿದರು.

ಚಿಕ್ಕನಿಂಗಮ್ಮ ನಗುತ್ತ ಬಂದಳು. "ಆ ಉಡ್ಗ ಬೇಕಂತ್ಲೇ ಅತ್ರದಲ್ಲೇ ನಿಂತ್ಕತಿದ್ದ ಮೇಷ್ಟ್ರೇ. ಎಷ್ಟ್ ಸಲ ಕೂಗುಸ್ಕಂಡ್ರೂ ಸಾಲ್ದು ಅವುನ್ಗೆ."

ಎಲ್ಲರೂ ನಕ್ಕರು. ಶಿವರಂಜಿನಿ ನಗಲಿಲ್ಲ.

'ಹಾಗಾದರೆ ಇವನಿಗೆ ಇದೆಲ್ಲ ಆಟ... ನಾಲ್ಕು ವರ್ಷ ಕಾದು ಸಿಕ್ಕಿದ ಕೆಲಸ ಇವನಿಗೆ ಆಟ.'

ಸೀದಾ ಅವನ ಮುಂದೆ ಹೋಗಿ ನಿಂತಳು. "ಮೂರನೇ ಬೋರ್ಡಿನವರೆಗೂ ಕೇಳುತ್ತೆ. ನಿಮಗೆ ಎರಡಕ್ಕೇ ನಿಂತುಹೋಯ್ತಾ?"

"ನಂಗೆ ಕೇಳ್ನಿಲ್ಲ. ನಿಂತೆ."

"ಸುಳ್ಳು. ಹತ್ತೊಂಬತ್ತು ಕಡೆ ನನ್ನ ಹೆಸರು ಬರೆದಿದ್ದೀರ. ನಾಳೆ ಊರೆಲ್ಲ ಅದನ್ನ ಓದಿ ನಗುತ್ತೆ. ಸೋಮವಾರ ನಮ್ಮ ಸಾಹೇಬರು ಮತ್ತೆ ಅಳೆಯೋಕೆ ಇನ್ನೊಬ್ಬರನ್ನ ಕಳಿಸ್ತಾರೆ."

ಅವನು ಹಾರೆ ಎತ್ತಿಕೊಂಡ.

"ಎಲ್ಲಿ ನೆಡ್ಬೇಕು ಏಳಿ. ನೆಡ್ತೀನಿ."

ಮಧ್ಯಾಹ್ನದ ತನಕ ಮರಿಮಲ್ಲಪ್ಪನವರೇ ಕೂಗಿ, ಚಿಕ್ಕನಿಂಗಮ್ಮನಿಗೆ ಕೇಳಿಸಿದಷ್ಟು ದೂರಕ್ಕೆ ಗುರುತು ಹಾಕಿಸಿದರು. ಹತ್ತು ಬೋರ್ಡು ಸಾಕಾಯಿತು. ಸುಧಾಕರ ಉಳಿದವನ್ನು ಕೀಳತೊಡಗಿದ. ಅವಳು ದೂರ ನಿಂತು ಬೆಟ್ಟ ನೋಡಿದಳು. ಬೆಟ್ಟವೂ ಮುಖ ಮುಚ್ಚಿಕೊಂಡಿತ್ತು.

ಆಗ ಇಳಿಜಾರಿನಲ್ಲಿ ಹೂವಿನ ಮೂಟೆ ಹೇರಿಕೊಂಡ ಮೊಪೆಡ್ಡೊಂದು ಬಂತು. ಹೇರಿದ ಭಾರಕ್ಕೆ ಬ್ರೇಕು ಹಿಡಿಯುತ್ತಿರಲಿಲ್ಲ. ಸವಾರ ಹಾರನ್ ಒತ್ತಿದ, ಕೂಗಿದ, ಕೊನೆಗೆ ದೇವರನ್ನೂ ಕೂಗಿದ. ಹೊಲದ ಹೆಂಗಸರೆಲ್ಲ ದೂರ ಓಡಿದರು. ದಾರಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಮಣ್ಣು ಬಗೆಯುತ್ತಿದ್ದ ಸುಧಾಕರ ಮಾತ್ರ ತಲೆ ಎತ್ತಲಿಲ್ಲ.

ಶಿವರಂಜಿನಿ ಓಡಿಹೋಗಿ ಅವನ ಅಂಗಿ ಹಿಡಿದು ಎಳೆದಳು. ಮೊಪೆಡ್ಡು ಪಕ್ಕಕ್ಕೆ ಹೊರಳಿ ಚೆಂಡುಹೂವಿನ ನಡುವೆ ಮಲಗಿತು. ಸವಾರ ಹೂವಿನ ರಾಶಿಯಿಂದ ಮದುವಣಿಗನಂತೆ ಎದ್ದ.

"ಏನ್ಲಾ, ಕಿವಿ ಕಿವುಡಾ ನಿಂಗೆ?"

ಸುಧಾಕರ ಮಣ್ಣು ಕೊಡವಿಕೊಂಡ. "ಊಂ ಕಣಣ್ಣ. ಎಡಗಿವಿ."

ಅವಳ ಕೈ ಇನ್ನೂ ಅವನ ಅಂಗಿಯಲ್ಲೇ ಇತ್ತು. ಒಂದು ಕ್ಷಣದಲ್ಲಿ ಎಲ್ಲ ನೆನಪಾಯಿತು. ಹೋಗುವಾಗ ಹೊಲದ ಬದಿ, ಬರುವಾಗ ನೀರಿನ ಅಂಚು... ಎರಡೂ ಸಲ ಅವಳು ಅವನ ಬಲಗಡೆಗೇ ಇದ್ದಳು.

"ಯಾವಾಗಿಂದ?"

"ಚಿಕ್ಕುಡ್ಗ ಆಗಿದ್ದಾಗ. ಕಾಡಂದಿ ಓಡ್ಸಕೆ ಗರ್ನಾಲು ಒಡೀತಿದ್ರು, ಪಕ್ಕದಲ್ಲೇ ನಿಂತಿದ್ದೆ. ಬಲಗಿವೀನೂ ಪೂರ್ತಿ ಅದ್ನಾರಾಣೆ ಅಲ್ಲ."

"ಬೆಳಿಗ್ಗೆ ಅಷ್ಟು ಬೈದಾಗಲಾದ್ರೂ ಹೇಳಬಾರದಿತ್ತಾ?"

ಅವನು ಹಾರೆಯ ತುದಿಯ ಮಣ್ಣು ಕೆರೆದ. "ಓದ್ವರ್ಸ ಪುಣಜನೂರ್ಗೆ ಎಣ್ಣು ನೋಡಕ್ಕೋಗಿದ್ದೆ. ಅಲ್ಲಿ ಕಿವಿ ವಿಚಾರ ಏಳ್ದೆ. ಕೊಟ್ಟಿದ್ ಕಾಫಿ ಅರ್ಧ ಕುಡಿಯೋ ಒತ್ಗೆ ಲೋಟ ಈಸ್ಕಂಡ್ರು."

"ಹಾಗಿದ್ರೂ ಕೇಳಿಸಿಕೊಳ್ಳೋ ಕೆಲಸ ಯಾಕೆ ಒಪ್ಕೊಂಡ್ರಿ?"

"ನೀವು ಕೂಗ್ತೀನಿ ಅಂದ್ರಲ್ಲ."

ಅವಳು ಅಂಗಿ ಬಿಟ್ಟಳು. ಅಳು ಬಂದರೆ ಇವನು ತಪ್ಪು ತಿಳಿಯುತ್ತಾನೆ ಎಂದು ಅಳತೆಯ ಪುಸ್ತಕ ತೆಗೆದಳು. ಹಾಳೆ ನೋಡುತ್ತಿದ್ದಂತೆ ಅವಳೊಳಗಿನ ಸರ್ವೆಯರ್ ನಿಧಾನವಾಗಿ ಎಚ್ಚರವಾದಳು.

"ಸುಧಾಕರ್, ಹಾರೆ ಕೆಳಗಿಡಿ. ಇನ್ನೊಂದು ಬೋರ್ಡೂ ಕೀಳಬೇಡಿ. ಕಿತ್ತಿದ್ದನ್ನೂ ಅಲ್ಲಲ್ಲೇ ಇರಿಸಿ."

ಭಾನುವಾರ ಬೆಳಿಗ್ಗೆ ಬಳಗದವರೆಲ್ಲ ಬಿಳಿ ಟೋಪಿ ಹಾಕಿಕೊಂಡು ಬಂದರು. ಶಿವರಂಜಿನಿ ಮರಿಮಲ್ಲಪ್ಪನವರ ಮುಂದೆ ನಿಂತಳು.

"ಸರ್, ಒಂದೇ ಒಂದು ಸಲ ಕೂಗಿ. ಕೇಳಿಸಿಕೊಳ್ಳೋರನ್ನ ಮಾತ್ರ ನಾನು ಆರಿಸ್ತೀನಿ."

ಮೇಷ್ಟ್ರು ನಿನ್ನೆ ಎರಡನೆಯ ಬೋರ್ಡಿಗೆಂದು ತಾವೇ ಗುರುತು ಮಾಡಿಸಿದ ಜಾಗಕ್ಕೆ ಅವಳು ಕಂಡಕ್ಟರ್ ಮಹದೇವಯ್ಯನವರನ್ನು ಕಳಿಸಿದಳು. ಮೇಷ್ಟ್ರು ಎದೆ ತುಂಬ ಉಸಿರೆಳೆದು ಕೂಗಿದರು. ಮರದ ಹಕ್ಕಿಗಳು ಎದ್ದವು. ಮಹದೇವಯ್ಯನವರು ಪ್ರಶಾಂತವಾಗಿ ಬೆಟ್ಟ ನೋಡುತ್ತ ನಿಂತಿದ್ದರು. ಮೇಷ್ಟ್ರು ಮತ್ತೆ ಕೂಗಿದರು. ಮಹದೇವಯ್ಯನವರು ಟೋಪಿ ತೆಗೆದು ತಲೆ ಕೆರೆದುಕೊಂಡು ಮತ್ತೆ ಹಾಕಿಕೊಂಡರು.

ಅಲ್ಲಿಂದ ಅವರನ್ನು ಸುಧಾಕರನ ಎರಡನೆಯ ಬೋರ್ಡಿಗೆ ಕರೆತಂದಳು. ಈ ಸಲ ಮೇಷ್ಟ್ರು ಕೂಗಿದಾಗ ಅವರು ಕೈ ಎತ್ತಿದರು. "ಕೇಳ್ತು ಕಣಯ್ಯ, ಯಾಕಿಂಗೆ ಅರಚ್ಕತೀಯ?"

"ಬಳಗದಲ್ಲಿ ಇಪ್ಪತ್ನಾಲ್ಕು ಜನ ಇದ್ದೀರ," ಎಂದಳು ಶಿವರಂಜಿನಿ. "ಅದರಲ್ಲಿ ಎಷ್ಟು ಜನರ ಕಿವಿ ಚಿಕ್ಕನಿಂಗಮ್ಮನ ಕಿವಿಯ ಹಾಗಿದೆ? ಬಿದ್ದವರ ಕೂಗು ಕಿವಿ ಮಂದವಿದ್ದವರಿಗೂ ಕೇಳಬೇಕು. ಹಾಗೆ ಕೇಳೋ ದೂರಾನೇ ಕೂಗಳತೆ. ನನ್ನ ಅಳತೆ ಹತ್ತೊಂಬತ್ತು. ಬೇಕಾದ್ರೆ ಯಾರಾದ್ರೂ ಮತ್ತೆ ಅಳೀಲಿ."

ಕೆಲವರಿಗೆ ಅವಳು ಹೇಳಿದ್ದೇ ಕೇಳಿಸಿರಲಿಲ್ಲ. ಅವರು ಪಕ್ಕದವರನ್ನು ಕೇಳಿ ತಿಳಿದುಕೊಂಡು ಜೋರಾಗಿ ಚಪ್ಪಾಳೆ ತಟ್ಟಿದರು. ಮರಿಮಲ್ಲಪ್ಪನವರು ಮೀಸೆ ತಿರುವಿ, "ಹತ್ತೊಂಬತ್ತೇ ಇರಲಿ," ಎಂದರು. ಜೀವಮಾನದಲ್ಲಿ ಮೊದಲ ಸಲ ಮೆಲ್ಲಗೆ ಹೇಳಿದರು.

ನಡಿಗೆ ಹೊರಟಿತು. ಬಿಳಿ ಟೋಪಿಗಳು ಹಳದಿ ಹೊಲದಾಚೆ ಸಣ್ಣದಾಗುತ್ತ ಹೋದವು.

ಹದಿಮೂರನೆಯ ಬೋರ್ಡನ್ನು ಸುಧಾಕರ ಮತ್ತೆ ನೆಟ್ಟು ಮಣ್ಣು ತುಳಿಯುತ್ತಿದ್ದ. ಶಿವರಂಜಿನಿ ಹನ್ನೆರಡನೆಯದರ ಬಳಿ ನಿಂತಳು. 'ಕೂಗಲಾ...' ವಾರವಿಡೀ ಕೂಗಿದ ಹೆಸರೇ ಅದು, ಇವತ್ತು ಮಾತ್ರ ನಾಲಿಗೆಗೆ ಭಾರವಾಗಿತ್ತು.

"ಸುಧೀ..."

ಅವನು ಕೈ ಎತ್ತಿದ.

"ನಮ್ಮನೆಗೆ ಕಾಫಿಗೆ ಬರ್ತೀರಾ? ಮನೆಯವರನ್ನೂ ಕರ್ಕೊಂಡು?"

ಅವನ ಕೈ ಹಾಗೇ ನಿಂತಿತು. ಆಮೇಲೆ ಇಳಿಯಿತು. "ಕೇಳ್ನಿಲ್ಲ," ಎಂದು ಕೂಗಿ, ಅವಳತ್ತ ನಡೆಯತೊಡಗಿದ.

"ಕಾಫಿಗೆ ಬರ್ತೀರಾ ಅಂದೆ. ಲೋಟ ಯಾರೂ ಕಿತ್ಕೊಳಲ್ಲ."

"ಕೇಳ್ನಿಲ್ಲ." ಇನ್ನೂ ಹತ್ತಿರ ಬಂದ. ಮುಖದ ತುಂಬ ನಗು.

ಹೊಲದ ನಡುವಿನಿಂದ ಚಿಕ್ಕನಿಂಗಮ್ಮ ಎದ್ದಳು. "ಲೋ, ಬೇಗೂರ್ಗೇ ಕೇಳ್ತು ಕಣ್ಲಾ. ನಿಮ್ಮವ್ವ ಆಗ್ಲೇ ಸೀರೆ ಉಡ್ತಾವ್ಳೆ."

ಅವನು ನಿಲ್ಲಲಿಲ್ಲ. ಅವಳ ಎದುರಿಗೆ ಬಂದು, ಬಲಗಿವಿಯನ್ನು ಅವಳತ್ತ ತಿರುಗಿಸಿ ತಲೆ ಬಗ್ಗಿಸಿದ. ಅವಳು ಅದೇ ಮಾತನ್ನು ಮೂರನೆಯ ಸಲ, ಹೂ ಕೊಯ್ಯುವವರಿಗೆ ಕೇಳದಷ್ಟು ಮೆಲ್ಲಗೆ ಹೇಳಿದಳು.

"ಈಗ ಕೇಳ್ತು," ಎಂದ.

"ಈ ಅಳತೆಗೆ ಬೋರ್ಡು ಎಲ್ಲಿ ನೆಡ್ತೀರ?"

ಅವನು ಇಬ್ಬರ ನಡುವಿನ ನೆಲವನ್ನು ಒಮ್ಮೆ ನೋಡಿದ.

"ನೆಡಕೆ ಜಾಗ ಎಲ್ಲದೆ?"