ಒಳಗೆ ಇಬ್ಬರಿದ್ದಾರೆ

ಕೋಣೆಯಲ್ಲಿ ಅವಳೊಬ್ಬಳೇ ಇದ್ದಳು. ಮೂಲೆಯ ಹಳೆಯ ಯಂತ್ರ ಮಾತ್ರ ಇಬ್ಬರು ಎಂದಿತು!

ಹವಾಮಾನ ಕೇಂದ್ರದ ಏಳು ಯುನಿಕ್ಸ್ ಯಂತ್ರಗಳಿಗೆ ಅವಳೇ ಕಾವಲು. ಆಜ್ಞೆ ಬರೆಯುವ ಮೊದಲು ಪರದೆಯಲ್ಲಿ ಮೂಡುವ ಪ್ರಾಂಪ್ಟ್ ಸಾಲು, ಏಳೂ ಸೇರಿದ ಜಾಲದೊಳಗೆ ಎಷ್ಟು ಜನ ಲಾಗಿನ್ ಆಗಿದ್ದಾರೆಂದು ತೋರಿಸುತ್ತಿತ್ತು. ಆರರಲ್ಲಿ 1. ಈ ಹಳೆಯದರಲ್ಲಿ ಬೆಳಿಗ್ಗೆ 1, ಮಧ್ಯಾಹ್ನ 2.

ವಾರದಿಂದ ಹೀಗೆಯೇ...

‘ಇದಕ್ಕೆ ಅರಳುಮರಳು’ ಎಂದುಕೊಂಡಳು.

ಯಾರೆಂದು ಪಟ್ಟಿ ತೆಗೆದಳು. ಎರಡು ಸಾಲಲ್ಲೂ ಅವಳು ಬಳಸುವ ಕಚೇರಿ ಖಾತೆಯದೇ ಹೆಸರು. ಅವಳ ಪಕ್ಕದಲ್ಲಿ ಅವಳೇ ಕೂತ ಹಾಗೆ!

ಆ ಪ್ರಾಂಪ್ಟ್ ಬರೆದವನು ಪಕ್ಕದ ಕುರ್ಚಿಯವನು. ಮೂರು ತಿಂಗಳ ಹಿಂದೆ ತಾನಾಗಿಯೇ ವರ್ಗಾವಣೆ ಕೇಳಿ ಬೆಟ್ಟದ ಮೇಲಿನ ವೀಕ್ಷಣಾಲಯಕ್ಕೆ ಹೋದ. ‘ಒಂದು ಮಾತೂ ಹೇಳದೆ ಹೋದನಲ್ಲ...’ ಆ ಕುರ್ಚಿಯಲ್ಲಿ ಅವಳು ಇನ್ನೂ ಯಾರನ್ನೂ ಕೂರಿಸಿರಲಿಲ್ಲ.

ಮೇಲಧಿಕಾರಿಗೆ ಫೋನ್ ಮಾಡಿದಳು.

“ದೆವ್ವಾನೋ ಕಳ್ಳನೋ ನಂಗೊತ್ತಿಲ್ಲಮ್ಮ. ಐದು ಗಂಟೆಯೊಳಗೆ ಪಾಸ್‌ವರ್ಡ್ ಬದಲಾಯಿಸು!”

ಬದಲಾಯಿಸಿದರೆ, ಬಂದವರು ಯಾರೆಂದು ಎಂದಿಗೂ ತಿಳಿಯುವುದಿಲ್ಲ.

ಯಾವುದು ನಿಜವೆಂದು ನೋಡಲು ಏಳೂ ಯಂತ್ರಗಳ ಪ್ರಾಂಪ್ಟ್ ಕಡತಗಳನ್ನು ಅಕ್ಕಪಕ್ಕ ತೆರೆದಳು. ಹಳೆಯದರಲ್ಲಿ ಅವನು ಬರೆದ ಸಾಲು ಒಂಟಿ ಉದ್ಧರಣ ಚಿಹ್ನೆಯೊಳಗಿತ್ತು; ಪ್ರತಿ ಸಲ ಎಂಟರ್ ಒತ್ತಿದಾಗಲೂ ಹೊಸದಾಗಿ ಎಣಿಸುತ್ತಿತ್ತು. ಉಳಿದ ಆರಕ್ಕೆ ನಕಲು ಮಾಡುವಾಗ ಅವಳು ಜೋಡಿ ಚಿಹ್ನೆ ಹಾಕಿದ್ದಳು. ಹಾಗಾಗಿ ಅವು ಬೆಳಿಗ್ಗೆ ಅವಳು ಬಂದ ಕೂಡಲೇ ಒಮ್ಮೆ ಎಣಿಸಿ, ದಿನವಿಡೀ ಅದನ್ನೇ ಹೇಳುತ್ತಿದ್ದವು.

ಅರಳುಮರಳು ಅಂದುಕೊಂಡದ್ದೊಂದೇ ನಿಜ ಹೇಳುತ್ತಿತ್ತು!

ಆರನ್ನೂ ತಿದ್ದಿದಳು. 2... 2... 2... ಒಂದೊಂದೇ ಪರದೆ ಬದಲಾಯಿತು.

ಫ್ಯಾನುಗಳ ಮೊರೆತದ ನಡುವೆ ಯಾರೋ ಉಸಿರು ಬಿಗಿಹಿಡಿದಂತಿತ್ತು. ಆ ಇನ್ನೊಬ್ಬರ ಪರದೆಗೆ ಸಂದೇಶ ಕಳಿಸಿದಳು: ‘ಯಾರು?’

ಅವಳ ಪರದೆಯಲ್ಲಿ ಒಂದು ಸಾಲು ಮೂಡಿತು.

‘ಹೆದರಬೇಡ ಕಡ್ಡಿ. ನಾನು.’

ಅವಳನ್ನು ಹಾಗೆ ಕರೆಯುವವನು ಒಬ್ಬನೇ! ಫೋನ್ ಹಚ್ಚಿದಳು.

“ಗೂಬೆ! ಕದ್ದು ಬಂದು ಕೂರ್ತೀಯಾ? ಜೀವ ಬಾಯಿಗೆ ಬಂದಿತ್ತು!”

“ತಪ್ಪಾಯ್ತು ಕಣೇ. ಹಳೇ ಪಾಸ್‌ವರ್ಡ್ ಇನ್ನೂ ನಡೀತಿತ್ತು. ಏನೂ ಮುಟ್ಟಿಲ್ಲ, ನೋಡಿಲ್ಲ. ನೀನಿದ್ದೀಯ ಅಂತ ಒಂದು ಸಾಲು ಕಾಣತ್ತಲ್ಲ... ಅಷ್ಟಕ್ಕೇ ಬರ್ತಿದ್ದೆ.”

“ಮತ್ಯಾಕೆ ಬಿಟ್ಟು ಹೋದೆ?”

“‘ನೀನಿಲ್ದಿದ್ರೆ ಈ ಕೋಣೆ ನೆಮ್ಮದಿಯಾಗಿರತ್ತೆ’ ಅಂತ ನೀನೇ ಅಂದ್ಯಲ್ಲ.”

“ಅದು ಜಗಳದ ಮಾತು ಕಣೋ! ನಂಬಿಬಿಟ್ಯಾ?”

ಅವಳ ಕಣ್ಣು ತುಂಬಿಬಂತು. ಐದಕ್ಕೆ ಎರಡೇ ನಿಮಿಷ.

“ಪಾಸ್‌ವರ್ಡ್ ಬದಲಾಯಿಸ್ತಿದೀನಿ. ನಿಂಗೆ ಹೇಳಲ್ಲ.”

“...ಹೇಳ್ಬೇಡ.”

“ನನ್ನ ನೋಡ್ಬೇಕು ಅಂದ್ರೆ ಬಾಗಿಲು ತಟ್ಟಿ ಬಾ. ಮನುಷ್ಯರ ಹಾಗೆ.”

“ಐದೂ ಕಾಲಿಗೆ ಒಂದು ಬಸ್ಸಿದೆ... ಫೋನ್ ಇಡ್ಲಾ ಹಾಗಾದ್ರೆ?”

“ಇಡ್ಬೇಡ! ಮಾತಾಡ್ತಾನೇ ಹತ್ತು.”