ಕೆಂಪು ಗುಂಡಿಯ ಪೆಡಲ್

"ಕಿವಿ ಅಲ್ಲಮ್ಮ ಕಸ್ತೂರಮ್ಮ, ಗುಂಡೆ! ಗುಂಡೆ ನೋಡ್ಕೊಂಡು ಹೇಳು. ಯಾವ್ದು ಇಟ್ಕೊಳ್ಳಲಿ?"

ಪಕ್ಕದ ಮನೆಯ ಕೋನಪ್ಪ ಮಾಮ ನಡುಮನೆಯಲ್ಲಿ ಬೇಸ್ ಗಿಟಾರ್ ನೇತುಹಾಕಿಕೊಂಡು ನಿಂತಿದ್ದರು. ಕಸ್ತೂರಿ ಹೊಸ್ತಿಲಾಚೆ ನಿಂತಿದ್ದಳು. ಮಾಮನ ಕಾಲ ಬಳಿ ಎರಡು ಪುಟ್ಟ ಡಬ್ಬಿಗಳಿದ್ದವು. ಕಾಲಲ್ಲಿ ಒತ್ತಿದರೆ ಸಾಕು, ಗಿಟಾರಿನ ನುಣುಪು ದನಿ ಒಮ್ಮೆಗೇ ಗೊರಗೊರ ಅನ್ನುತ್ತಿತ್ತು. ಅದಕ್ಕೆ ಫಜ್ ಪೆಡಲ್ ಅಂತ ಹೆಸರು. ಬೆಂಗಳೂರಿನ ಅಂಗಡಿಯವರು ಎರಡನ್ನೂ ನುಡಿಸಿ ನೋಡಿ ಒಂದನ್ನು ವಾಪಸ್ ಕೊಡಿ ಅಂದಿದ್ದರು.

ಗುಂಡೆ ಅಂದರೆ ಏನು? ಕೇಳಿಬಿಡಬಹುದಿತ್ತು. ಆದರೆ ಕಸ್ತೂರಿ ಕೇಳುವವಳಲ್ಲ.

ಅವಳ ಅಪ್ಪನಿಗೆ ಕುಡುಮಲಕುಂಟೆಯ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿ, ಅವರೆಲ್ಲ ತುಮಕೂರಿನಿಂದ ಗೌರಿಬಿದನೂರಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಇಲ್ಲಿನವರ ಕನ್ನಡದೊಳಗೆ ತೆಲುಗು ಯಾವಾಗ ಬಂದು ಕೂರುತ್ತದೋ ದೇವರೇ ಬಲ್ಲ! ಶಾಲೆ ಸೇರಿದ ಹೊಸದರಲ್ಲಿ ಸುನಂದ ದೂರದಿಂದ "ತೊಂದರಗಾ ರಾ!" ಎಂದು ಕೂಗಿದ್ದಳು. ಕಸ್ತೂರಿ ಗಾಬರಿಯಾಗಿ "ಏನೇ ತೊಂದರೆ?" ಅಂದಳು. ಇಡೀ ಕ್ಲಾಸು ಬಿದ್ದುಬಿದ್ದು ನಕ್ಕಿತು. ಸುನಂದ ಹೇಳಿದ್ದು 'ಬೇಗ ಬಾ' ಅಂತ! ಅವತ್ತಿನಿಂದ ಅವಳಿಗೆ 'ತೊಂದರೆ ಕಸ್ತೂರಿ' ಅನ್ನುವ ಹೆಸರೇ ಬಿತ್ತು.

ಇನ್ನು ಸತ್ತರೂ ಯಾರನ್ನೂ ಅರ್ಥ ಕೇಳಬಾರದು ಅಂತ ಅವತ್ತೇ ತೀರ್ಮಾನಿಸಿದಳು. ತಿಳಿಯದ ಮಾತಿಗೆಲ್ಲ ತಲೆ ಅಲ್ಲಾಡಿಸಿಬಿಡುವುದು, ಅಷ್ಟೇ. ಮಾಮನ ತಾಯಿ ಕದಿರಮ್ಮಜ್ಜಿ ಬಾಯಿ ತುಂಬ ತೆಲುಗಿನಲ್ಲಿ ಏನೋ ಬೇಕಾ ಅಂತ ಕೇಳಿದಾಗಲೂ ಬೇಡ ಅಂತ ತಲೆ ಅಲ್ಲಾಡಿಸಿ ಓಡುತ್ತಿದ್ದಳು.

ಗುಂಡೆ... ಗುಂಡಿ ಇರಬೇಕು! ಈ ಊರಲ್ಲಿ ಹಾಗೇ ಅನ್ನುತ್ತಾರೇನೋ. ಕಸ್ತೂರಿ ಡಬ್ಬಿಗಳ ಮೇಲಿನ ತಿರುಗಿಸುವ ಗುಂಡಿಗಳನ್ನು ನೋಡಿದಳು. ಒಂದರದ್ದು ಮಂಕು ಕಪ್ಪು. ಇನ್ನೊಂದರದ್ದು ದಾಳಿಂಬೆ ಕಾಳಿನ ಹಾಗೆ ಕೆಂಪು, ಫಳಫಳ.

"ಕೆಂಪುದೇ ಮಾಮ."

"ಖಂಡಿತಾನಾ? ನಾನು ನುಡಿಸ್ತಾ ಇದ್ರೆ ಗಿಟಾರು ನನ್ನ ಹೊಟ್ಟೆಗೇ ಅಂಟ್ಕೊಂಡಿರ್ತದೆ ಕಣಮ್ಮ. ಎರಡೂ ಒಂದೇ ಥರ ಜುಮ್ ಅಂತದೆ. ದೂರ ನಿಂತೋರಿಗೇ ನಿಜ ಗೊತ್ತಾಗೋದು. ನೀನು ಹೇಳಿದ್ರೆ ಮುಗೀತು."

ಕಸ್ತೂರಿ ಹೂಂ ಅಂತ ಜೋರಾಗಿ ತಲೆ ಅಲ್ಲಾಡಿಸಿದಳು.

ಆಯುಧಪೂಜೆಯ ಸಂಜೆ ಫ್ಯಾಕ್ಟರಿ ಅಂಗಳದಲ್ಲಿ ಮಾಮನ ತಂಡದ ಆರ್ಕೆಸ್ಟ್ರಾ ಇತ್ತು. ಮಿಷನ್ನುಗಳಿಗೆಲ್ಲ ಚೆಂಡುಹೂವಿನ ಹಾರ ಬಿದ್ದಿತ್ತು. ಮುಂದಿನ ಸಾಲಿನಲ್ಲಿ ಸುನಂದಳ ಪಕ್ಕ ಕೂತ ಕಸ್ತೂರಿಗೆ ಸುಮ್ಮನಿರಲಾಗಲಿಲ್ಲ.

"ಆ ಪೆಡಲ್ ಸೆಲೆಕ್ಟ್ ಮಾಡಿದ್ದು ಯಾರು ಹೇಳು? ನಾನೇ!"

ಹಾಡು ಶುರುವಾಯಿತು. ಮಾಮ ಪೆಡಲ್ ಒತ್ತಿದರು.

ಜುಂಯ್ಯ್ಯ್!

ದಪ್ಪ ದನಿ ಎಲ್ಲಿ ಹೋಯಿತೋ! ಬರೀ ಕಣಜವೊಂದು ಬೆಂಕಿಪೊಟ್ಟಣದೊಳಗೆ ಸಿಕ್ಕಿಕೊಂಡ ಸದ್ದು. ಹಾಡುತ್ತಿದ್ದ ನರಸಿಂಹಪ್ಪನವರು ತಿರುಗಿ ನೋಡಿ ಮೈಕಿನಲ್ಲೇ, "ಏ ಕೋನಾ, ಬೇಸ್ ಎಲ್ಲೋ? ಊಟಕ್ಕೆ ಹೋಯ್ತಾ?" ಅಂದುಬಿಟ್ಟರು. ಜನ ಹೋ ಎಂದು ನಕ್ಕರು. ಮಾಮ ತಲೆ ತಗ್ಗಿಸಿ ಪೆಡಲ್ ಆಫ್ ಮಾಡಿದರು. ಆಮೇಲೆ ಕೊನೆಯವರೆಗೂ ತಲೆ ಎತ್ತಲಿಲ್ಲ.

"ಇದೇನೇ ನೀನು ಸೆಲೆಕ್ಟ್ ಮಾಡಿದ್ದು?" ಎಂದಳು ಸುನಂದ.

ಕಸ್ತೂರಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಕಾರ್ಯಕ್ರಮ ಮುಗಿದ ಮೇಲೆ ಅಪ್ಪನ ಜೊತೆ ಸ್ಟೇಜಿನ ಹಿಂದೆ ಹೋದಾಗ ನರಸಿಂಹಪ್ಪನವರು ಕೇಳುತ್ತಿದ್ದರು, "ಯಾರಯ್ಯ ಆ ಡಬ್ಬ ಆರಿಸಿದ್ದು?"

"ನಾನೇ ಅಣ್ಣ," ಅಂದರು ಮಾಮ.

ಕಸ್ತೂರಿ ಅಪ್ಪನ ಬೆನ್ನ ಹಿಂದೆ ಸರಿದಳು. ಮಾಮ ಅವಳ ಹೆಸರು ಹೇಳಿದ್ದರೇ ವಾಸಿಯಿತ್ತು!

ಬೆಳಿಗ್ಗೆ ಮಾಮ ಜಗುಲಿಯಲ್ಲಿ ಕೂತು ಎರಡೂ ಪೆಡಲ್‌ಗಳನ್ನು ಬಟ್ಟೆಯಿಂದ ಒರೆಸುತ್ತಿದ್ದರು. ಹಬ್ಬಕ್ಕೆ ಅಂಗಡಿ ಮುಚ್ಚಿದ್ದರಿಂದ ಕಪ್ಪು ಗುಂಡಿಯದೂ ಇನ್ನೂ ಅಲ್ಲೇ ಇತ್ತು. ಕಸ್ತೂರಿ ಕಂಬದ ಮರೆಯಲ್ಲಿ ನಿಂತಳು. ಮುಖ ಸುಡುತ್ತಿತ್ತು.

"ಮಾಮ... ಗುಂಡೆ ಅಂದ್ರೆ ಏನು?"

ಮಾಮ ಒರೆಸುವುದನ್ನು ನಿಲ್ಲಿಸಿ ಅವಳನ್ನೇ ನೋಡಿದರು. ಆಮೇಲೆ ಅಂಗೈಯನ್ನು ಎದೆಯ ಮೇಲಿಟ್ಟುಕೊಂಡು, "ಇದು ಕಣಮ್ಮ. ಎದೆ," ಅಂದರು.

"ನಾನು ಗುಂಡಿ ಅನ್ಕೊಂಡೆ. ಕೆಂಪು ಗುಂಡಿ ಚೆನ್ನಾಗಿತ್ತು, ಅದಕ್ಕೇ... ನಂಗೇನೂ ಗೊತ್ತಾಗಿರ್ಲಿಲ್ಲ ಮಾಮ. ಸುಮ್ನೆ ತಲೆ ಅಲ್ಲಾಡಿಸ್ದೆ." ಅವಳ ಕಣ್ಣು ತುಂಬಿ ಬಂತು.

ಮಾಮ ನಗಲಿಲ್ಲ. "ಅಯ್ಯೋ, ನಮ್ಮಮ್ಮನ ಮಾತು ನನ್ನ ಬಾಯಿಗೆ ಬಂದ್ಬಿಡ್ತದೆ," ಅಂದು ಗಿಟಾರ್ ಎತ್ತಿಕೊಂಡರು. "ಹೋಗು, ಅಲ್ಲಿ ನಿಂತ್ಕೊ. ಈ ಸಲ ಕಣ್ಣು ಮುಚ್ಕೊ."

ಕಸ್ತೂರಿ ಅಂಗಳದ ತುದಿಗೆ ಹೋಗಿ ಕಣ್ಣು ಮುಚ್ಚಿದಳು. ಮೊದಲ ಡಬ್ಬಿ ಜುಂಯ್ ಅಂದಿತು. ಅದು ಕಿವಿಗಷ್ಟೇ ಬಂತು. ಎರಡನೆಯದು ಗೊರಗೊರ ಅನ್ನುತ್ತಲೇ, ಅದರಡಿಯಿಂದ ಗುಂ ಅಂತ ಇನ್ನೊಂದು ದನಿಯನ್ನೂ ಹೊತ್ತು ತಂದಿತು. ಅಂಗಿಯ ಗುಂಡಿಯ ಹಿಂದೆ ಅವಳ ಎದೆ ನಡುಗಿತು. ಕೈ ತಾನಾಗಿ ಅಲ್ಲಿಗೆ ಹೋಯಿತು.

"ಇದು ಮಾಮ! ಇದೇ! ಗುಂಡೆ!"

ಸದ್ದಿಗೆ ಕದಿರಮ್ಮಜ್ಜಿ ಒಳಗಿನಿಂದ ಇಣುಕಿದರು. "ಅಮ್ಮಾಯಿ, ಚೆನಿಕ್ಕಾಯಲು ತಿಂಟಾವಾ?"

ಬೇಡ ಅಂತ ಕಸ್ತೂರಿಯ ತಲೆ ಅಲ್ಲಾಡಲು ಹೊರಟಿತು. ಅವಳು ಅದನ್ನು ತಡೆದಳು. ಮುಖ ಮತ್ತೆ ಬಿಸಿಯಾಯಿತು.

"ಹಂಗಂದ್ರೇನು ಅಜ್ಜಿ?"

ಅಜ್ಜಿ ಒಳಗೆ ಹೋಗಿ ಬೊಗಸೆ ತುಂಬ ತಂದು ಅವಳ ಲಂಗಕ್ಕೆ ಸುರಿದರು. ಬೇಯಿಸಿದ ಕಡಲೆಕಾಯಿ! ಇನ್ನೂ ಹಬೆಯಾಡುತ್ತಿತ್ತು. ಅವಳಿಗೆ ಪ್ರಾಣವಾದ ಕಡಲೆಕಾಯಿ.

ಇಷ್ಟು ದಿನವೂ ಬೇಡ ಬೇಡ ಅಂದದ್ದು ಇದನ್ನೇನಾ?