ನೀಲಿ ಬ್ಯಾಡ್ಜಿನ ಭಾನುವಾರಗಳು

"ನೀಲಿ ಬ್ಯಾಡ್ಜ್ ಕೊಡಿ," ಎಂದರು ಎದುರು ಬೀದಿಯ ಕನ್ನಡಕದ ಅಂಗಡಿಯವರು ನಮ್ಮ ಟಿಕೆಟ್ ಕೌಂಟರಿನಲ್ಲಿ, ಸತತ ಐದನೆಯ ಭಾನುವಾರ. ನನ್ನ ಮುಖ ಬಾಡಿತು.

ಹಿಂದಿನ ಕಾಲದ ವ್ಯಾಪಾರಿಯೊಬ್ಬರ ಈ ಮನೆಯನ್ನು ಜನರಿಗೆ ತೋರಿಸುವ ಗೈಡ್ ನಾನು. ಬಾಯಿ ತೆರೆದರೆ ಮುಗಿಯಿತು, ಮೆಟ್ಟಿಲಿಗೊಂದು ಕಥೆ. ಅದಕ್ಕೇ ಇಲ್ಲಿನ ಉಸ್ತುವಾರಿ ನೋಡುವ ಮೇಡಂ ಹೊಸ ನಿಯಮ ತಂದರು. ವಿವರಣೆ ಬೇಕಾದವರು ಹಳದಿ ಬ್ಯಾಡ್ಜ್ ಹಾಕಿಕೊಂಡು ಗುಂಪಿನಲ್ಲಿ ಹೋಗಬೇಕು. ಸುಮ್ಮನೆ ನೋಡುವವರಿಗೆ ನೀಲಿ. ಅವರು ಏನನ್ನೂ ಮುಟ್ಟದಂತೆ ಗೈಡ್ ಒಬ್ಬರು ಬಾಯಿ ಮುಚ್ಚಿಕೊಂಡು ಜೊತೆಗೆ ನಡೆಯಬೇಕು.

ಈ ಕನ್ನಡಕದ ಅಂಗಡಿಯವರು ನಿಲುವುಗನ್ನಡಿಯ ಮುಂದೆ ನಿಂತು ಅದರೊಳಗಿನ ನನ್ನನ್ನೇ ನೋಡುವರು. ನಾನು ನೋಡಿದರೆ ಥಟ್ಟನೆ ಮಂಚದ ಕಾಲು ನೋಡುವರು. ನನ್ನ ಮಾತು ಬೇಡ, ಆದರೆ ವಾರ ತಪ್ಪದೆ ಬರಬೇಕು. ಇದೇನು ಅಂತ ಯೋಚಿಸಿ ತಲೆ ಕೆಟ್ಟುಹೋಯಿತು. ನನಗೆ ಅವರು ಇಷ್ಟವಾಗಿಬಿಟ್ಟಿದ್ದರು, ಅದೇ ತೊಂದರೆ. ನನ್ನ ದನಿಯನ್ನೇ ಸಹಿಸದವರನ್ನು ಕಟ್ಟಿಕೊಂಡು ಏನು ಮಾಡುವುದು?

ಟಿಕೆಟ್ ಕೌಂಟರಿನಲ್ಲಿ ಕೂರುವ ನಮ್ಮಕ್ಕನ ಹತ್ತಿರ ಹೇಳಿಕೊಂಡೆ.

"ಕೇಳೇಬಿಡೆ," ಅಂದಳು.

"ನೀಲಿಯವರ ಹತ್ರ ನಾವಾಗಿ ಮಾತಾಡೋ ಹಾಗಿಲ್ಲ."

"ಗೋಡೆಗೂ ಕಿವಿ ನೋಯೋ ಹಾಗೆ ಮಾತಾಡೋಳಿಗೆ ಈಗ ನಿಯಮ ನೆನಪಾಯ್ತಾ?"

ಆರನೆಯ ಭಾನುವಾರ ಅವರನ್ನು ಇನ್ನೊಬ್ಬ ಗೈಡ್ ಆದ ನಿವೃತ್ತ ಮೇಷ್ಟ್ರಿಗೆ ಒಪ್ಪಿಸಿ, ನಾನು ಹಳೆಯ ಅಡುಗೆಮನೆಯಲ್ಲಿ ತಾಮ್ರದ ಪಾತ್ರೆ ಒರೆಸುತ್ತ ಕೂತೆ. ನೆಮ್ಮದಿ ಸಿಗಬೇಕಿತ್ತು, ಅಳು ಬಂತು. ಹತ್ತು ನಿಮಿಷವೂ ಆಗಿರಲಿಲ್ಲ, ಅವರು ಬಾಗಿಲಲ್ಲಿದ್ದರು. ಹಿಂದೆ ಏದುಸಿರು ಬಿಡುತ್ತ ಮೇಷ್ಟ್ರು.

"ನನ್ನಿಂದ ಏನಾದ್ರೂ ತಪ್ಪಾಯ್ತಾ?" ಎಂದರು.

"ನಿಮಗೆ ನನ್ನ ಮಾತು ಕಂಡ್ರೆ ಆಗಲ್ವಲ್ಲ."

"ಯಾರು ಹೇಳಿದ್ದು?"

"ನೀವೇ. ಐದು ವಾರ ನೀಲಿ ಬ್ಯಾಡ್ಜ್."

ಅವರು ಪೆಚ್ಚಾದರು. "ಮೊದಲನೇ ಸಲ ಹಳದಿ ಹಾಕ್ಕೊಂಡೇ ಬಂದಿದ್ದೆ. ನಿಮ್ಮ ಮಾತು ಕೇಳ್ತಾ ಕೇಳ್ತಾ ಮನೆ ನೋಡೋದೇ ಮರೆತೆ. ಆದ್ರೆ ಇಪ್ಪತ್ತು ಜನರ ಮಧ್ಯೆ ನೀವು ನನ್ನ ಮುಖಾನೂ ನೋಡ್ಲಿಲ್ಲ. ನೀಲಿ ಹಾಕ್ಕೊಂಡ್ರೆ ನನ್ನೊಬ್ಬನ ಜೊತೆ ನಡೀತೀರಲ್ಲ ಅಂತ..."

"ನಿಯಮ ನನಗೆ. ನಿಮ್ಮ ಬಾಯಿಗೇನಾಗಿತ್ತು?"

"ಮಾತಾಡಿದ್ರೆ ಮತ್ತೆ ಗುಂಪಿಗೆ ಸೇರಿಸ್ತೀರೇನೋ ಅಂತ ಹೆದರಿದ್ದೆ. ನೀವಂದ್ರೆ ನಂಗೆ ತುಂಬಾ ಇಷ್ಟ."

ಮೇಷ್ಟ್ರು ಕೆಮ್ಮಿ, ಮೆಲ್ಲಗೆ ಅಲ್ಲಿಂದ ಜಾಗ ಖಾಲಿ ಮಾಡಿದರು.

ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಐದು ವಾರ ಇಬ್ಬರೂ ಒಬ್ಬರಿಗೊಬ್ಬರು ಹೆದರಿಕೊಂಡು ಈ ಮನೆ ಸುತ್ತಿದ್ದೆವು.

"ಏನಾದ್ರೂ ಹೇಳಿ," ಎಂದರು.

ಈ ಅಡುಗೆಮನೆಯೊಂದರ ಬಗ್ಗೆಯೇ ಅರ್ಧ ಗಂಟೆ ಹೇಳಬಲ್ಲೆ. ಆದರೆ ಆಗ ನಾಲಿಗೆ ಏಳಲಿಲ್ಲ. ಕೊನೆಗೆ ಪಾತ್ರೆ ನೋಡುತ್ತ, "ನಂಗೂ," ಅಂದೆ.

"ಏನಂದ್ರಿ?"

ಅಷ್ಟು ಮೆಲ್ಲಗೆ ನಾನು ಜನ್ಮದಲ್ಲಿ ಮಾತಾಡಿರಲಿಲ್ಲ. ಅವರು ಹತ್ತಿರ ಬಂದು ಬಾಗಿದರು, ಇನ್ನೊಮ್ಮೆ ಹೇಳಿದೆ.